ಗಣಿತ ಓದಲು ಒಂದು ಸೌಟು ಎಣ್ಣೆ: ಪಾಟಣ ಶಾಸನದ ಕೊನೆಯ ಸಾಲುಗಳು

ಭಾಸ್ಕರಾಚಾರ್ಯ ಎಲ್ಲಿಯವನು? ಶಾಸನಾಸಕ್ತರ ಯಾವ ಗುಂಪಿನಲ್ಲಿ ಈ ಪ್ರಶ್ನೆ ಹಾಕಿದರೂ ಸಾಕು, ರಾತ್ರಿ ಹನ್ನೆರಡರವರೆಗೆ ಯಾರೂ ಮಲಗುವುದಿಲ್ಲ. ಸಹ್ಯಾದ್ರಿಯ ಹತ್ತಿರದ ವಿಜ್ಜಡವಿಡ ತನ್ನ ಊರು ಅಂತ ಅವನೇ ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರ ಅಂತ ಒಂದು ಪಕ್ಷ, ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಪಾಟಣದ ಕಡೆ ಅಂತ ಇನ್ನೊಂದು ಪಕ್ಷ. ಎರಡನೆಯವರ ದೊಡ್ಡ ಆಧಾರ ಪಾಟಣದಲ್ಲಿ ಸಿಕ್ಕ ಒಂದು ಶಿಲಾಶಾಸನ. ನಾನೂ ಈ ಜಗಳದಲ್ಲಿ ಎರಡು ವರ್ಷ ಹುರುಪಿನಿಂದ ಭಾಗವಹಿಸಿದವನೇ. ಆ ಶಾಸನದ ವಂಶಾವಳಿ ನನಗೆ ಬಾಯಿಪಾಠ: ತ್ರಿವಿಕ್ರಮ, ಅವನ ಮಗ ಭಾಸ್ಕರಭಟ್ಟ, ಆಮೇಲೆ ಗೋವಿಂದ, ಪ್ರಭಾಕರ, ಮನೋರಥ, ಮಹೇಶ್ವರ, ನಮ್ಮ ಭಾಸ್ಕರಾಚಾರ್ಯ, ಅವನ ಮಗ ಲಕ್ಷ್ಮೀಧರ, ಮೊಮ್ಮಗ ಚಾಂಗದೇವ.

ನಾಚಿಕೆಯ ಸಂಗತಿ ಏನೆಂದರೆ, ಆ ಶಾಸನವನ್ನು ನಾನು ಪೂರ್ತಿ ಓದಿರಲೇ ಇಲ್ಲ. ವಂಶಾವಳಿ ಮುಗಿದ ಕೂಡಲೇ ನನ್ನ ಕೆಲಸವೂ ಮುಗಿಯುತ್ತಿತ್ತು. ಪೂರ್ತಿ ಓದಿಸಿದ್ದು ಏಳನೇ ಕ್ಲಾಸಿನಲ್ಲಿರುವ ನನ್ನ ಮಗಳು. ಅದೂ ಶಾಸನದ ಮೇಲಿನ ಪ್ರೀತಿಯಿಂದ ಅಲ್ಲ, ಲೆಕ್ಕದ ಮೇಲಿನ ಸಿಟ್ಟಿನಿಂದ.

"ನಂಗೆ ಲೆಕ್ಕ ಬರಲ್ಲ"

ಕಳೆದ ವರ್ಷ ಭಿನ್ನರಾಶಿಯ ಪರೀಕ್ಷೆಯಲ್ಲಿ ಅವಳಿಗೆ ಕಡಿಮೆ ಅಂಕ ಬಂತು. ಅಂಕ ಹೋಗಲಿ, ಮನೆಗೆ ಬಂದವಳೇ ಪುಸ್ತಕ ಮುಚ್ಚಿ "ಅಪ್ಪ, ನಂಗೆ ಲೆಕ್ಕ ಬರಲ್ಲ, ಬಿಡು" ಅಂದಳು. ಆ 'ಬಿಡು' ನನಗೆ ಚುಚ್ಚಿತು. ಯಾಕೆಂದರೆ ಎಂಟನೇ ಕ್ಲಾಸಿನಲ್ಲಿ ನಾನೂ ಅದೇ ಮಾತನ್ನು ಅಂದವನು. ಬೋರ್ಡಿನ ಮುಂದೆ ನಿಲ್ಲಿಸಿ ಇಡೀ ಕ್ಲಾಸಿನಿಂದ ನಗಿಸಿದ ಒಂದು ಮಧ್ಯಾಹ್ನ ಈಗಲೂ ನೆನಪಿದೆ. ಆಮೇಲೆ ಇಂಜಿನಿಯರ್ ಆದೆ, ಇಪ್ಪತ್ತು ವರ್ಷದಿಂದ ಅಂಕಿಗಳ ಜೊತೆಗೇ ಅನ್ನ ತಿನ್ನುತ್ತಿದ್ದೇನೆ. ಆದರೂ ಯಾರಾದರೂ ಎದುರು ನಿಂತು ಬಾಯಿಲೆಕ್ಕ ಕೇಳಿದರೆ ಅಂಗೈ ಬೆವರುತ್ತದೆ.

ಟ್ಯೂಷನ್‌ಗೆ ಹಾಕೋಣ ಅಂದಳು ಹೆಂಡತಿ. ಒಂದು ತಿಂಗಳು ಸಮಯ ಕೊಡು ಅಂದೆ. ಶಾಸನದ ಹುಚ್ಚಿನಿಂದ ಕೊಂಡಿಟ್ಟಿದ್ದ ಲೀಲಾವತಿ ಕಪಾಟಿನಲ್ಲಿತ್ತು. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಇಬ್ಬರೂ ಕೂತು ಓದುವುದು, ಪರೀಕ್ಷೆ ಇಲ್ಲ, ಅಂಕ ಇಲ್ಲ ಅಂತ ಒಪ್ಪಂದ ಮಾಡಿಕೊಂಡೆವು.

ಮೊದಲು ಅವಳು ಕೇಳಿದ್ದು ಕಥೆ. ಘಳಿಗೆ ಬಟ್ಟಲಿನ ತೂತಿಗೆ ಮುತ್ತು ಸಿಕ್ಕಿಹಾಕಿಕೊಂಡು ಮುಹೂರ್ತ ತಪ್ಪಿತು, ಮದುವೆ ನಿಂತ ಮಗಳನ್ನು ಸಮಾಧಾನ ಮಾಡಲು ಅಪ್ಪ ಪುಸ್ತಕ ಬರೆದ ಅನ್ನುವ ಕಥೆ ನಿಮಗೂ ಗೊತ್ತಿರುತ್ತದೆ. ಇದು ಲೀಲಾವತಿ ಗ್ರಂಥದಲ್ಲಿ ಇಲ್ಲ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದಿಂದ ಹರಡಿದ್ದು. ಮೊಮ್ಮಗನ ಶಾಸನದ ವಂಶಾವಳಿಯಲ್ಲೂ ಲೀಲಾವತಿ ಎಂಬ ಮಗಳ ಹೆಸರು ಇಲ್ಲ. ಇದನ್ನು ಹೇಳಿದಾಗ ಅವಳ ಮುಖ ಸಪ್ಪಗಾಯಿತು. "ಹಾಗಾದ್ರೆ ಇದು ಯಾರಿಗೆ ಬರ್ದಿದ್ದು?"

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಪುಸ್ತಕವನ್ನೇ ತಿರುವಿ ನೋಡಿದೆವು. ಭಾಸ್ಕರ ಒಂದು ಲೆಕ್ಕದಲ್ಲಿ 'ಬಾಲೆ' ಅನ್ನುತ್ತಾನೆ, ಇನ್ನೊಂದರಲ್ಲಿ 'ಸಖ', ಮತ್ತೊಂದರಲ್ಲಿ 'ಗಣಕ'. ಎಳೆಯ ಹುಡುಗಿ, ಗೆಳೆಯ, ಲೆಕ್ಕ ಬಲ್ಲವನು, ಮೂವರನ್ನೂ ಒಂದೇ ಪುಸ್ತಕ ಮಾತಾಡಿಸುತ್ತದೆ. ಮಕ್ಕಳ ಪುಸ್ತಕ ಬೇರೆ, ದೊಡ್ಡವರ ಪುಸ್ತಕ ಬೇರೆ ಅನ್ನುವ ನಮ್ಮ ಗೋಡೆ ಅಲ್ಲಿ ಕಾಣುವುದಿಲ್ಲ. ಪ್ರತಿ ಲೆಕ್ಕವೂ ಎದುರು ಕೂತವರನ್ನು ಕರೆದು 'ಹೇಳು' ಅನ್ನುತ್ತದೆ. ಒಬ್ಬರೇ ಮೂಲೆಯಲ್ಲಿ ಕೂತು ಹೆದರಿ ಓದುವ ಪುಸ್ತಕ ಇದಲ್ಲ ಅಂತ ನನಗೆ ಮೊದಲ ಬಾರಿ ಅನಿಸಿದ್ದು ಆಗ.

ಒಂದು ಪೊಂಗಲ್ ಲೆಕ್ಕ

ನಮ್ಮನ್ನು ಗೆದ್ದ ಲೆಕ್ಕ ಇದು. ಒಂದು ದ್ರಮ್ಮಕ್ಕೆ ಮೂರೂವರೆ ಮಾನಕ ಅಕ್ಕಿ, ಅದೇ ಒಂದು ದ್ರಮ್ಮಕ್ಕೆ ಎಂಟು ಮಾನಕ ಹೆಸರು. ದಾರಿಹೋಕನ ಕೈಯಲ್ಲಿ 13 ಕಾಕಿಣಿ ಇದೆ. ಎರಡು ಪಾಲು ಅಕ್ಕಿ, ಒಂದು ಪಾಲು ಹೆಸರು ಬೇಗ ಕೊಡಪ್ಪಾ, ಉಂಡು ಹೊರಡಬೇಕು, ಜೊತೆಯವರು ಮುಂದೆ ಹೋಗಿಬಿಡುತ್ತಾರೆ ಅಂತ ಅಂಗಡಿಯವನಿಗೆ ಅವಸರ ಮಾಡುತ್ತಾನೆ. ಎಷ್ಟೆಷ್ಟು ಸಿಗುತ್ತದೆ?

ನಾನು ಪೆನ್ಸಿಲ್ ಹಿಡಿಯುವ ಮೊದಲೇ ಮಗಳು ಕೂಗಿದಳು: "ಅಪ್ಪ, ಎರಡು ಅಕ್ಕಿ ಒಂದು ಹೆಸರುಬೇಳೆ ಅಂದ್ರೆ ಪೊಂಗಲ್!"

ಹೌದಲ್ಲ! ಎಂಟುನೂರು ಚಿಲ್ಲರೆ ವರ್ಷಗಳ ಹಿಂದಿನ ಆ ದಾರಿಹೋಕ ನಮ್ಮ ಅಡುಗೆಮನೆಗೇ ಬಂದು ಕೂತ. ಆಮೇಲೆ ಲೆಕ್ಕ ತಾನಾಗಿ ಬಿಚ್ಚಿಕೊಂಡಿತು. ಎರಡು ಮಾನಕ ಅಕ್ಕಿಗೆ ಮೂರೂವರೆಯಿಂದ ಭಾಗಿಸಿದರೆ 4/7 ದ್ರಮ್ಮ. ಒಂದು ಮಾನಕ ಹೆಸರಿಗೆ 1/8 ದ್ರಮ್ಮ. ಒಟ್ಟು 39/56. ಒಂದು ದ್ರಮ್ಮಕ್ಕೆ 64 ಕಾಕಿಣಿ, ಹಾಗಾಗಿ ಅವನ ಕೈಯಲ್ಲಿರುವುದು 13/64 ದ್ರಮ್ಮ. ಇದನ್ನು 39/56ರಿಂದ ಭಾಗಿಸಿದರೆ 7/24. ಅಂದರೆ ಹೆಸರು 7/24 ಮಾನಕ, ಅಕ್ಕಿ ಅದರ ಎರಡರಷ್ಟು, 7/12 ಮಾನಕ. ಹದಿಮೂರನ್ನು ಮೂವತ್ತೊಂಬತ್ತಕ್ಕೆ ಹೊಡೆದು ಹಾಕುವಾಗ ಅವಳ ಕೈ ನಡುಗಲಿಲ್ಲ. ಅವತ್ತು ತಿಂಡಿಗೆ ಪೊಂಗಲ್ಲೇ ಆಯಿತು ಅಂತ ಬೇರೆ ಹೇಳಬೇಕಿಲ್ಲ.

ಊಟಕ್ಕೆ ಕೂತಾಗ ಅವಳು ಕೇಳಿದಳು: "ಆಗಿನ ಕಾಲದಲ್ಲಿ ಇದನ್ನ ಯಾವ ಸ್ಕೂಲಲ್ಲಿ ಓದ್ತಿದ್ರು? ನೀನು ಯಾವಾಗ್ಲೂ ಜಗಳ ಆಡ್ತೀಯಲ್ಲ, ಆ ಕಲ್ಲಲ್ಲಿ ಬರ್ದಿಲ್ವಾ?"

ನಾನು ಓದದೆ ಬಿಟ್ಟ ಸಾಲುಗಳು

ಬರೆದಿದೆ. ಬರೆದಿರುವುದೇ ಅದು.

ಪಾಟಣದ ಹಾಳುಬಿದ್ದ ಭವಾನಿ ಗುಡಿಯಲ್ಲಿ ಈ ಶಾಸನವನ್ನು ಗುರುತಿಸಿ 1865ರಲ್ಲಿ ವಿದ್ವಾಂಸರ ಗಮನಕ್ಕೆ ತಂದವರು ಮುಂಬಯಿಯ ಭಾವು ದಾಜಿ. ಆಮೇಲೆ ಕೀಲ್‌ಹಾರ್ನ್ ಅದನ್ನು ಎಪಿಗ್ರಾಫಿಯಾ ಇಂಡಿಕಾದ ಮೊದಲ ಸಂಪುಟದಲ್ಲಿ ಸಂಪಾದಿಸಿದರು. ಬಹುಭಾಗ ಸಂಸ್ಕೃತ, ಕೊನೆಯ ಭಾಗ ಹಳೆಯ ಮರಾಠಿ. ಕಾಲ ದೇವಗಿರಿಯ ಸೇವುಣ ದೊರೆ ಸಿಂಘಣನದು. ಸಿಂಘಣನ ಆಸ್ಥಾನ ಜ್ಯೋತಿಷಿಯಾಗಿದ್ದ ಚಾಂಗದೇವ ಅಲ್ಲೊಂದು ಮಠ ಕಟ್ಟಿಸುತ್ತಾನೆ. ಯಾಕೆ? ತಾತ ಭಾಸ್ಕರಾಚಾರ್ಯ ಬರೆದ ಸಿದ್ಧಾಂತಶಿರೋಮಣಿ ಮೊದಲಾದ ಗ್ರಂಥಗಳನ್ನೂ, ವಂಶದ ಇತರರ ಗ್ರಂಥಗಳನ್ನೂ ಅಲ್ಲಿ ಪಾಠ ಹೇಳಬೇಕು ಅಂತ. ಲೀಲಾವತಿ ಆ ಸಿದ್ಧಾಂತಶಿರೋಮಣಿಯ ಮೊದಲ ಭಾಗ. ಅಂದರೆ ಇದು ಗಣಿತದ ಪುಸ್ತಕವನ್ನು ಓದುವುದಕ್ಕಾಗಿಯೇ ಕೆತ್ತಿದ ಕಲ್ಲು! ಊರಿನ ಹೆಸರಿಗಾಗಿ ಅದನ್ನು ಎಳೆದಾಡುತ್ತಿದ್ದ ನಾನು ಈ ಸಾಲನ್ನೇ ದಾಟಿ ಹೋಗಿದ್ದೆ.

ಇನ್ನು ಮರಾಠಿ ಭಾಗ. ಸಾಹಿತ್ಯದ ದೃಷ್ಟಿಯಿಂದ ಅದರಲ್ಲಿ ಏನೂ ಇಲ್ಲ, ಬರೀ ಸಂತೆಯ ಲೆಕ್ಕ. ಆ ಪ್ರದೇಶದ ನಿಕುಂಭ ವಂಶದ ಸೋಯಿದೇವ ಮಠಕ್ಕೆ ಕೊಟ್ಟ ಆದಾಯಗಳ ಪಟ್ಟಿ ಅಲ್ಲಿದೆ. ಪಾಟಣದಲ್ಲಿ ಬಿಚ್ಚುವ ಸರಕಿನ ಮೇಲೆ ಕೊಳ್ಳುವವರಿಂದ ಅರಮನೆಗೆ ಬರುತ್ತಿದ್ದ ಸುಂಕ ಇನ್ನು ಮಠಕ್ಕೆ. ಗಿರಾಕಿಯಿಂದ ದಾಮಿನ ಒಂದು ಸಣ್ಣ ಪಾಲು, ಐದು ಅಡಿಕೆ. ಎಷ್ಟು ಗಾಣ ಆಡುತ್ತವೋ ಅಷ್ಟು ಗಾಣಗಳಿಂದ ಒಂದೊಂದು ಸೌಟು ಎಣ್ಣೆ. ಇಲ್ಲಿ ಅಳೆಯುವುದನ್ನೆಲ್ಲ ಮಠದ ಅಳತೆಯಿಂದಲೇ ಅಳೆಯಬೇಕು. ಅಳೆದದ್ದರ ಕೂಲಿಯಲ್ಲಿ ಅರ್ಧ ಮಠಕ್ಕೆ, ಅರ್ಧ ಅಳೆಯುವವನಿಗೆ.

ಈ ಪಟ್ಟಿಯನ್ನು ಎರಡು ಸಲ ಓದಿದೆ. ಅಕ್ಕಿ ಹೆಸರಿನ ಆ ಲೆಕ್ಕದಲ್ಲಿ ಬರುವ ಜನರೇ ಇಲ್ಲೂ ಇದ್ದಾರೆ: ಅಂಗಡಿಯವನು, ಗಿರಾಕಿ, ಅಳೆಯುವವನು. ಪುಸ್ತಕದಲ್ಲಿ ಅವರು ಉದಾಹರಣೆ, ಕಲ್ಲಿನಲ್ಲಿ ಅವರು ದಾನಿಗಳು. ಗಾಣಿಗನ ಮನೆಯ ಒಂದು ಸೌಟು ಎಣ್ಣೆಯಿಂದ ಮಠದಲ್ಲಿ ದೀಪ ಉರಿದಿರಬೇಕು, ಒಗ್ಗರಣೆಯೂ ಆಗಿರಬೇಕು. ಸಂತೆಯ ಭಿನ್ನರಾಶಿ ಸಂತೆಯಿಂದ ಹೋಗಿ ಪುಸ್ತಕವನ್ನು ಸಾಕಿತು.

ಆ ಮಠದಲ್ಲಿ ಎಲ್ಲರ ಮಕ್ಕಳಿಗೂ ಜಾಗ ಇತ್ತೇ? ಗಾಣಿಗನ ಮಗ ಒಳಗೆ ಕೂತು ಲೀಲಾವತಿ ಓದಿದ ಅಂತ ಹೇಳುವ ಸಾಲು ಶಾಸನದಲ್ಲಿ ಇಲ್ಲ. ಎಣ್ಣೆ ಕೊಟ್ಟವನಿಗೆ ಪಾಠ ಸಿಕ್ಕಿತೋ ಇಲ್ಲವೋ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಈ ಪ್ರಶ್ನೆಯನ್ನು ಮುಚ್ಚಿಟ್ಟು ಬರೀ ಹೆಮ್ಮೆಪಡುವುದು ಸರಿಯಲ್ಲ.

78 ಕೂಡಿದರೆ ಸಾಲದು

ಇಲ್ಲಿ ನನ್ನ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಶಾಸನದ ಶಕವರ್ಷ 1128. ನಾನು 78 ಕೂಡಿ 1206 ಅಂತ ಎರಡು ಮೂರು ಕಡೆ ಬರೆದುಬಿಟ್ಟಿದ್ದೆ. ಆದರೆ ಪೂರ್ತಿ ತಿಥಿ ಹೀಗಿದೆ: ಶಕ 1128, ಪ್ರಭವ ಸಂವತ್ಸರ, ಶ್ರಾವಣ ಹುಣ್ಣಿಮೆ, ಚಂದ್ರಗ್ರಹಣ. ಮಗಳಿಗೆ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗುತ್ತದೆ ಅಂತ ಹೇಳಿ, 1987ರ ಯುಗಾದಿಗೆ ಪ್ರಭವ ಬಂದಿತ್ತು ಅಂತ ಒಂದು ಎಳೆ ಕೊಟ್ಟೆ. ಅವಳು ಅರವತ್ತರ ಮಗ್ಗಿ ಹೇಳಿಕೊಂಡು ಹಿಂದೆ ಹಿಂದೆ ಹೋದಳು. ಹದಿಮೂರು ಸುತ್ತು, 780 ವರ್ಷ. 1987ರಿಂದ ಕಳೆದರೆ 1207.

"ನಿಂದು ಒಂದು ವರ್ಷ ತಪ್ಪು" ಅಂದಳು. ಮುಖದಲ್ಲಿದ್ದ ಆ ನಗು ನೋಡಬೇಕಿತ್ತು.

ದಕ್ಷಿಣದ ಪದ್ಧತಿಯಲ್ಲಿ ನಡುವೆ ಸಂವತ್ಸರ ಬಿಡುವ ರೂಢಿ ಇಲ್ಲ, ಆದ್ದರಿಂದ ಈ ಸುಲಭದ ಲೆಕ್ಕ ನಡೆಯುತ್ತದೆ. ಶಕವರ್ಷಕ್ಕೂ ಸಂವತ್ಸರಕ್ಕೂ ಒಂದು ವರ್ಷ ಹೊಂದದಿರುವುದು ಶಾಸನ ಓದುವವರಿಗೆ ಹೊಸತಲ್ಲ. ವಿದ್ವಾಂಸರು ಗೊತ್ತುಮಾಡಿರುವ ದಿನವೂ 1207ರ ಆಗಸ್ಟ್ 9. ಅದನ್ನು ನಾನೂ ಪರೀಕ್ಷಿಸಿ ನೋಡಿದೆ. 2000ದ ಜನವರಿ 21ರಂದು ಪೂರ್ಣ ಚಂದ್ರಗ್ರಹಣ ಆಗಿತ್ತು. ಆ ದಿನಕ್ಕೂ 1207ರ ಆಗಸ್ಟ್ 9ಕ್ಕೂ ನಡುವೆ 289430 ದಿನ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.530588 ದಿನ. ಇದನ್ನು 9801ರಿಂದ ಗುಣಿಸಿದರೆ 289429.29. ಎಂಟು ಶತಮಾನ ದಾಟಿ ಬಂದರೂ ವ್ಯತ್ಯಾಸ ಮುಕ್ಕಾಲು ದಿನಕ್ಕಿಂತ ಕಡಿಮೆ. ಅವತ್ತು ಹುಣ್ಣಿಮೆ ಅನ್ನುವುದರಲ್ಲಿ ಅನುಮಾನ ಇಲ್ಲ. ಭಾಸ್ಕರ ಹುಟ್ಟಿದ್ದು 1114ರಲ್ಲಿ, ಸಿದ್ಧಾಂತಶಿರೋಮಣಿ ಬರೆದದ್ದು 1150ರಲ್ಲಿ ತನ್ನ 36ನೇ ವಯಸ್ಸಿನಲ್ಲಿ. ಪುಸ್ತಕಕ್ಕೆ 57 ತುಂಬಿದಾಗ ಅದನ್ನು ಓದುವವರಿಗಾಗಿ ಒಂದು ಊರಿನ ಸಂತೆ ಎಣ್ಣೆ ಅಳೆಯಲು ಶುರುಮಾಡಿತು.

ನಮ್ಮ ಕಡೆಯ ಪುಸ್ತಕಗಳು

ಇದೆಲ್ಲ ಪಾಟಣದ ಮಾತಾಯಿತು, ಕನ್ನಡನಾಡಿನಲ್ಲಿ? ಭಾಸ್ಕರನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದ ಸಮೇತ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದಾಗ ಅವರಿಗೆ ನೆರವಾದ ಪ್ರತಿಗಳಲ್ಲಿ ಕನ್ನಡ ಲಿಪಿಯ ಓಲೆಗರಿಗಳೂ ಇದ್ದವು. ಒಂದು ಸಾವಿರ ವರ್ಷ ನಮ್ಮ ಬಸದಿ ಮನೆಗಳಲ್ಲಿ ಯಾರೋ ಅದನ್ನು ಓದುತ್ತ, ನಕಲು ಮಾಡುತ್ತ ಬಂದದ್ದರಿಂದಲೇ ಅದು ಉಳಿದದ್ದು. 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದದ ಜೊತೆಗೂ ಬಂತು.

ಅದರಲ್ಲಿ ಮಕ್ಕಳು ಬಿಡದೆ ಆಡುವ ಒಂದು ಜಾಗ ಇದೆ. ಗುಣಾಕಾರ ಕಲಿಸುವಾಗ ಮಹಾವೀರ ಉತ್ತರದಲ್ಲಿ ಹಾರ ಕಾಣುವಂಥ ಸಂಖ್ಯೆಗಳನ್ನು ಕೊಟ್ಟು ಅವನ್ನು ಕಂಠಾಭರಣ ಅನ್ನುತ್ತಾನೆ. 142857143ನ್ನು 7ರಿಂದ ಗುಣಿಸಿ ನೋಡಿ: 1000000001. ಎರಡು ತುದಿಗೆ ಎರಡು ಮಣಿ, ನಡುವೆ ದಾರ. 27994681ನ್ನು 441ರಿಂದ ಗುಣಿಸಿದರೆ 12345654321. ಕ್ಯಾಲ್ಕುಲೇಟರ್ ಮುಟ್ಟಬೇಡಿ, ಕಾಗದದಲ್ಲೇ ಮಾಡಿ. ಕೊನೆಗೆ ಕೂಡುವಾಗ ಒಂದೊಂದೇ ಅಂಕಿ ಸಾಲಾಗಿ ಬಂದು ಕೂರುವ ಖುಷಿಯೇ ಬೇರೆ. ಎಲ್ಲೋ ತಪ್ಪಿದರೆ ಹಾರ ಹರಿದಿರುತ್ತದೆ, ಮೇಷ್ಟ್ರು ಬಂದು ಹೇಳಬೇಕಿಲ್ಲ. ನನ್ನ ಮಗಳು ಎರಡು ಸಲ ಹಾರ ಹರಿದುಕೊಂಡು ಮೂರನೇ ಸಲಕ್ಕೆ ಪೋಣಿಸಿದಳು. ನಾನಾದರೆ ಮೊದಲ ಸಲಕ್ಕೇ 'ಬರಲ್ಲ' ಅಂದಿರುತ್ತಿದ್ದೆ.

ದೊಡ್ಡವರಿಗೆ, ಅದರಲ್ಲೂ ನಮ್ಮಂಥ ಶಾಸನದವರಿಗೆ, ಬೇಕಾದದ್ದು ಕ್ಷೇತ್ರಗಣಿತದ ಅಧ್ಯಾಯ. ಹೊಲದ ವಿಸ್ತೀರ್ಣಕ್ಕೆ ಮಹಾವೀರ ಎರಡು ದಾರಿ ಹೇಳುತ್ತಾನೆ, ವ್ಯಾವಹಾರಿಕ ಮತ್ತು ಸೂಕ್ಷ್ಮ. ವ್ಯಾವಹಾರಿಕ ಅಂದರೆ ಎದುರುಬದುರು ಬದಿಗಳ ಸರಾಸರಿ ತೆಗೆದು ಎರಡನ್ನೂ ಗುಣಿಸುವುದು. ಸುಲಭ, ಆದರೆ ಒರಟು. ನಾಲ್ಕು ಐಸ್‌ಕ್ರೀಂ ಕಡ್ಡಿಗಳನ್ನು ಮೂಲೆಗಳಲ್ಲಿ ಪಿನ್ ಹಾಕಿ ಚೌಕ ಮಾಡಿ. ಒಂದೊಂದು ಕಡ್ಡಿ 10 ಅಳತೆ ಇದ್ದರೆ ವಿಸ್ತೀರ್ಣ 100. ಈಗ ಚೌಕವನ್ನು ಓರೆಯಾಗಿ ತಳ್ಳಿ. ಎತ್ತರ 6ಕ್ಕೆ ಇಳಿದರೆ ನಿಜವಾದ ವಿಸ್ತೀರ್ಣ 60. ಬದಿಗಳು ಬದಲಾಗಿಲ್ಲ, ಹಾಗಾಗಿ ವ್ಯಾವಹಾರಿಕ ಲೆಕ್ಕ ಇನ್ನೂ 100 ಅನ್ನುತ್ತದೆ!

ಇದನ್ನು ಕೈಯಲ್ಲಿ ಆಡಿಸಿ ನೋಡಿದ ಮೇಲೆ, ಶಾಸನದಲ್ಲಿ ಇಷ್ಟು ಮತ್ತರು ಗದ್ದೆ, ಇಂಥ ಗಳೆಯಲ್ಲಿ ಅಳೆದದ್ದು ಅಂತ ಓದುವಾಗ ನನಗೆ ಎರಡು ಪ್ರಶ್ನೆ ಏಳುತ್ತವೆ. ಗಳೆ ಎಷ್ಟುದ್ದ ಅನ್ನುವುದು ಹಳೆಯದು. ಅಳೆದವನು ಯಾವ ದಾರಿಯಲ್ಲಿ ಲೆಕ್ಕ ಹಾಕಿದ ಅನ್ನುವುದು ಹೊಸದು. ಮತ್ತರನ್ನು ಎಕರೆಗೆ ತಿರುಗಿಸುವಾಗ ಮೊದಲನೆಯದನ್ನು ಮಾತ್ರ ಕೇಳಿ ಸುಮ್ಮನಾಗಿಬಿಡುತ್ತೇವೆ. ಮಗಳ ಐಸ್‌ಕ್ರೀಂ ಕಡ್ಡಿ ನನ್ನ ಹಳೆಯ ಕೆಲವು ಟಿಪ್ಪಣಿಗಳ ಮೇಲೆ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿದೆ.

12ನೇ ಶತಮಾನದ ಹೊತ್ತಿಗೆ ರಾಜಾದಿತ್ಯ ಇದನ್ನೆಲ್ಲ ಕನ್ನಡಕ್ಕೇ ತಂದ. ವ್ಯವಹಾರಗಣಿತ, ಕ್ಷೇತ್ರಗಣಿತ, ಚಿತ್ರಹಸುಗೆ ಅವನ ಕೃತಿಗಳು. ಹಸುಗೆ ಅಂದರೆ ಪಾಲು, ಹಂಚಿಕೆ. ಹಾಗ ಅಂದರೆ ಹಣದ ಕಾಲು ಭಾಗ, ವೀಸ ಅಂದರೆ ಆ ಕಾಲಿನ ಕಾಲು, ಹದಿನಾರನೇ ಒಂದು. ದಾನಶಾಸನಗಳಲ್ಲಿ ಇವೆಲ್ಲ ಧಾರಾಳವಾಗಿ ಸಿಗುತ್ತವೆ. ಕಾಲನ್ನು ಕಾಲರಿಂದ ಗುಣಿಸಿದರೆ ಯಾಕೆ ಸಣ್ಣದಾಗುತ್ತದೆ ಅಂತ ಪಠ್ಯಪುಸ್ತಕದಲ್ಲಿ ಅರ್ಥವಾಗದೆ ಅತ್ತಿದ್ದ ನನ್ನ ಮಗಳು, ಹಾಗದ ಕಾಲು ವೀಸ ಅಂದಾಗ "ಓ, ಚಿಲ್ಲರೆ ಮಾಡಿಸಿದ ಹಾಗೆ" ಅಂದಳು. ಅಷ್ಟೇ.

ಯಾರು ಓದಬೇಕು

ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನದಲ್ಲಿ ಘಟಿಕಾಸ್ಥಾನದ ಅಧ್ಯಾಪಕರು, ವಿದ್ಯಾರ್ಥಿಗಳ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರಿಗೂ ವೃತ್ತಿ ಬಿಟ್ಟಿದೆ. ಪುಸ್ತಕ ಕಾಯುವವರೇ ಆರು ಮಂದಿ. ಪಾಟಣದಲ್ಲಿ ಓದಿಸುವವರಿಗೆ ಎಣ್ಣೆ, ಅಡಿಕೆ. ಪುಸ್ತಕ ಬರೆದರೆ ಸಾಲದು, ಅದನ್ನು ಓದುವ ಜಾಗ, ಓದಿಸುವ ಮನುಷ್ಯ, ಅವನ ಊಟ ಇವಕ್ಕೂ ವ್ಯವಸ್ಥೆ ಆಗಬೇಕು ಅನ್ನುವುದು ಆ ಜನಕ್ಕೆ ಗೊತ್ತಿತ್ತು. ಚಾಂಗದೇವ ತಾತನ ಹೆಸರಲ್ಲಿ ಪ್ರತಿಮೆ ನಿಲ್ಲಿಸಲಿಲ್ಲ, ತಾತನ ಪುಸ್ತಕ ಓದಿಸಿದ.

ನಾವು? ಭಾಸ್ಕರ ನಮ್ಮವನು, ಮಹಾವೀರ ನಮ್ಮವನು ಅಂತ ಗಂಟಲು ಹರಿಯುವಂತೆ ಕೂಗುತ್ತೇವೆ. ಅವರ ಪುಸ್ತಕದ ಒಂದು ಲೆಕ್ಕವನ್ನು ಪೆನ್ಸಿಲ್ ಹಿಡಿದು ಬಿಡಿಸಿದವರು ನಮ್ಮಲ್ಲಿ ಎಷ್ಟು ಜನ? ನಾನಂತೂ ಹೋದ ವರ್ಷದವರೆಗೆ ಬಿಡಿಸಿರಲಿಲ್ಲ.

ಒಂದು ತಿಂಗಳ ಒಪ್ಪಂದ ಈಗ ಹನ್ನೊಂದು ತಿಂಗಳಾಗಿದೆ. ಮಗಳ ಅಂಕ ಸ್ವಲ್ಪ ಏರಿದೆ, ಭಾರೀ ಏನಲ್ಲ. 'ಬರಲ್ಲ ಬಿಡು' ಅನ್ನುವ ಮಾತು ಮಾತ್ರ ನಿಂತಿದೆ. ಈಗ 'ತಡಿ, ಇನ್ನೊಂದ್ಸಲ ಮಾಡ್ತೀನಿ' ಅನ್ನುತ್ತಾಳೆ. ಮೇಲಿನ ಮನೆಯ ನಿವೃತ್ತ ಮೇಷ್ಟ್ರೊಬ್ಬರು ಕಾಫಿ ಲೋಟ ಹಿಡಿದು ಬಂದು ಕೂರುತ್ತಾರೆ. ಪಕ್ಕದ ಮನೆಯ ಹುಡುಗ ಪೊಂಗಲ್ ಆಸೆಗೆ ಬರುತ್ತಾನೋ ಲೆಕ್ಕಕ್ಕೆ ಬರುತ್ತಾನೋ ಇನ್ನೂ ತೀರ್ಮಾನವಾಗಿಲ್ಲ. ಯಾವುದಕ್ಕೆ ಬಂದರೂ ಸರಿ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮೂರಿನ ದಾನಶಾಸನದ ಪಾಠ ಸಿಕ್ಕಿದರೆ ರಾಜನ ಬಿರುದಾವಳಿಗೇ ನಿಲ್ಲಬೇಡಿ. ಕೊನೆಯ ಸಾಲುಗಳಿಗೆ ಹೋಗಿ. ಎಷ್ಟು ಹಾಗ, ಎಷ್ಟು ವೀಸ, ಎಷ್ಟು ಸೊಲಿಗೆ ಎಣ್ಣೆ ಅಂತ ಅಲ್ಲಿರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಂಡು ಆ ಲೆಕ್ಕ ಕೂಡಿ ನೋಡಿ. ತಪ್ಪಿದರೆ ಚಿಂತೆಯಿಲ್ಲ. ನನ್ನ 1206 ಕೂಡ ಎರಡು ವರ್ಷ ತಪ್ಪಾಗಿಯೇ ಓಡಾಡಿಕೊಂಡಿತ್ತು.